ಬೇಲಿಯಲ್ಲಿ ಸಿಕ್ಕಿಹಾಕಿಕೊಂಡ ಗುರು

ನನ್ನ ಗಂಡನಿಗೆ ಗುರುಗ್ರಹದ ಹುಚ್ಚು ಹಿಡಿದದ್ದು ತೊಂಬತ್ನಾಲ್ಕರಲ್ಲಿ. ಒಂದು ಧೂಮಕೇತು ಚೂರುಚೂರಾಗಿ ಆ ಗ್ರಹಕ್ಕೆ ಹೋಗಿ ಬಡಿಯಿತೆಂದು ಆ ವರ್ಷ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಊರವರೆಲ್ಲ ಓದಿ ಮರೆತರು, ಇವರು ಮರೆಯಲಿಲ್ಲ. ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತರು. ಸಂಜೆಯಾದರೆ ಊರವರ ಕೆಟ್ಟ ರೇಡಿಯೊಗಳನ್ನು ಬಿಚ್ಚಿ ಹರಡಿಕೊಂಡು ಕೂರುತ್ತಿದ್ದರು. ಒಂದು ದಿನ ಎಲ್ಲಿಂದಲೋ ಒಂದು ಲೇಖನದ ಜೆರಾಕ್ಸ್ ತಂದು ನನ್ನ ಮುಂದೆ ಹಿಡಿದು, "ಗುರುಗ್ರಹ ಸದ್ದು ಮಾಡ್ತದಂತೆ ಕಣಮ್ಮಿ. ರೇಡಿಯೊದಲ್ಲಿ ಕೇಳ್ಬೌದಂತೆ" ಅಂದರು.

"ಒಲೆ ಮುಂದೆ ನಿಂತು ನಾನು ಕೂಗೋದೇ ನಿಮ್ಗೆ ಕೇಳಿಸಲ್ಲ, ಅಷ್ಟು ದೂರದ್ದು ಕೇಳಿಸ್ತದಾ?" ಅಂದೆ.

ಅವರು ನನ್ನ ಕೊಂಕನ್ನು ಕಿವಿಗೆ ಹಾಕಿಕೊಳ್ಳದೆ ವಿವರಿಸಲು ಕೂತರು. ಗುರುವಿನ ಸುತ್ತ ಬಲು ಹತ್ತಿರದಲ್ಲಿ ಒಂದು ಚಂದ್ರ ಸುತ್ತುತ್ತದೆ. ಗ್ರಹದ ಅಯಸ್ಕಾಂತ ಶಕ್ತಿಯೊಳಗೆ ಅದು ಹಾದು ಹೋಗುವಾಗ ಕೆಲವು ಗಳಿಗೆಗಳಲ್ಲಿ ರೇಡಿಯೊ ಅಲೆಗಳು ಬಿರುಗಾಳಿಯಂತೆ ಹೊರಬೀಳುತ್ತವೆ. ಅವು ನಮ್ಮ ಶಾರ್ಟ್‌ವೇವ್ ರೇಡಿಯೊದ ಕೊನೆಯ ತುದಿಗೆ ಬಂದು ತಟ್ಟುತ್ತವೆ. ಹಗಲಿನಲ್ಲಿ ಸೂರ್ಯನಿಂದಾಗಿ ಆಕಾಶದ ಮೇಲ್ಪದರ ದಪ್ಪಗಾಗಿ ಅಲೆಗಳನ್ನು ಒಳಗೆ ಬಿಡುವುದಿಲ್ಲ. ಬೆಳಗಿನ ಜಾವ ಆ ಪದರ ತೆಳುವಾಗಿರುತ್ತದೆ, ಆಗ ಕಿವಿಗೊಟ್ಟರೆ ಸಿಗಬಹುದು. ಇಷ್ಟನ್ನು ಹೇಳುವಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿ ನನ್ನ ಕೋಪವೂ ಉಕ್ಕಿತ್ತು. ಆದರೂ ಒಂದು ಮಾತು ಹೇಳಬೇಕು. ಹಾಗೆ ಕಣ್ಣರಳಿಸಿಕೊಂಡು ಮಾತಾಡುವ ಗಂಡ ನನಗೆ ಇಷ್ಟವಾಗಿದ್ದರು.

ನಮ್ಮದು ಶನಿವಾರ ಭಾನುವಾರದ ಸಂಸಾರ. ಮನೆ ಇದ್ದದ್ದು ಭೀಮನಬೀಡಿನಲ್ಲಿ, ಅವರ ಊರು ಅದು. ಅಲ್ಲಿಂದ ಮೊಪೆಡ್ಡಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದರು. ನಾನು ಉಮ್ಮತ್ತೂರಿನ ಶಾಲೆಯಲ್ಲಿ ಟೀಚರು. ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಗುಂಡ್ಲುಪೇಟೆಗೆ ಇನ್ನೊಂದು, ಮತ್ತೆ ಊರಿಗೆ ಸಿಕ್ಕಿದ್ದು. ದಿನಾ ಓಡಾಡುವ ದೂರವಲ್ಲ. ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಸಾಕಾಗಿ, ಉಮ್ಮತ್ತೂರಿನಲ್ಲೇ ಒಂದು ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಓಡಿಬರುವುದು, ಸೋಮವಾರ ಮೊದಲ ಬಸ್ಸಿಗೆ ಮತ್ತೆ ಓಡುವುದು.

ತೊಂಬತ್ತಾರರ ಚಳಿಗಾಲಕ್ಕೆ ಅವರ ಯಂತ್ರ ಸಿದ್ಧವಾಯಿತು. ಮನೆ ಹಿಂದೆ ಎರಡು ಬಿದಿರಿನ ಗಳ ನೆಟ್ಟು, ನಡುವೆ ತಾಮ್ರದ ತಂತಿ ಎಳೆದಿದ್ದರು. ಅದೇ ಏರಿಯಲ್ಲು. ಅದರಿಂದ ಒಂದು ವೈರು ಕಿಟಕಿಯೊಳಗೆ ಬಂದು, ಅವರೇ ಜೋಡಿಸಿದ ಒಂದು ರೇಡಿಯೊ ಪೆಟ್ಟಿಗೆಗೆ ಸೇರುತ್ತಿತ್ತು. ಅದರ ಪಕ್ಕದಲ್ಲಿ ಟೇಪ್ ರೆಕಾರ್ಡರು. ಫೆಬ್ರವರಿಯ ಒಂದು ಶನಿವಾರ ನಾನು ಬಸ್ಸಿಳಿದು ಅಂಗಳಕ್ಕೆ ಕಾಲಿಡುತ್ತಿದ್ದಂತೆ, ಬ್ಯಾಗು ಇಳಿಸಲೂ ಬಿಡದೆ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು. ಟೇಪು ಹಾಕಿದರು. ಜೊರ್ರನೆಯ ಸದ್ದಿನ ನಡುವೆ ಚಟಪಟ ಚಟಪಟ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಒಮ್ಮೆ ಜೋರು, ಒಮ್ಮೆ ನಿಧಾನ, ಒಮ್ಮೆ ಇಲ್ಲವೇ ಇಲ್ಲ.

"ದಿನಾ ಬೆಳಗಿನ ಜಾವ ಬತ್ತದ. ಹೊತ್ತು ಏರ್ತಿದ್ದಂಗೆ ನಿಂತೋಯ್ತದ. ಲೇಖನದಲ್ಲಿ ಹಿಂಗೇ ಬರ್ದವ್ರೆ" ಅಂದರು. ಅವರ ಕಣ್ಣಲ್ಲಿ ನೀರಿತ್ತು.

ಸುಮ್ಮನಿರಬಹುದಿತ್ತು. ಇರಲಿಲ್ಲ. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ವಿಜ್ಞಾನದ ಕಾರ್ಯಕ್ರಮವಿತ್ತು, ಯಾರೋ ಮಾತಿಗೆ ಕರೆದರು, ಇವರು ಟೇಪು ಹಿಡಿದುಕೊಂಡು ಹೋದರು. ಹುಡುಗರು ಚಪ್ಪಾಳೆ ತಟ್ಟಿದರು. ಪತ್ರಿಕೆಯೊಂದರ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಕಚೇರಿಯಲ್ಲಿ ಎಲ್ಲರೂ ಕೈ ಕುಲುಕಿದರಂತೆ. ನಮ್ಮ ಊರಿನ ಟೀ ಅಂಗಡಿಯಲ್ಲಿ ಆ ನಾಲ್ಕು ಸಾಲನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು.

ಅದಾದ ಮುಂದಿನ ವಾರ ಗುರುಗ್ರಹ ಮೌನವಾಯಿತು. ಒಂದು ಬೆಳಿಗ್ಗೆಯೂ ಚಟಪಟವಿಲ್ಲ. ಅದರ ಬದಲು ಒಂದೇ ಸಮ ಟಿಕ್, ಟಿಕ್, ಟಿಕ್. ಇವರು ಪೆಟ್ಟಿಗೆ ಬಿಚ್ಚಿದರು, ಬೆಸುಗೆ ನೋಡಿದರು, ತಂತಿ ತಿಕ್ಕಿದರು. ಏನೂ ಪ್ರಯೋಜನವಾಗಲಿಲ್ಲ.

ನಮ್ಮ ಹಿತ್ತಿಲಿಗೆ ತಾಗಿಕೊಂಡು ಒಂದು ಬಾಳೆ ತೋಟ. ಅದರ ಯಜಮಾನರನ್ನು ನಾನು ಮಾವ ಅಂತಲೇ ಕರೆಯುತ್ತಿದ್ದೆ. ಕಾಡು ಹತ್ತಿರದ ಊರು, ಬಾಳೆ ಹಾಕಿದ ಮೇಲೆ ಆನೆ ಬರದೆ ಇರುವುದಿಲ್ಲ. ಅದಕ್ಕೆಂದು ಅವರು ತೋಟದ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದರು. ಅದರ ತಂತಿಯಲ್ಲಿ ಕ್ಷಣಕ್ಕೊಮ್ಮೆ ಕರೆಂಟು ಮಿಡಿಯುತ್ತದೆ. ಮುಟ್ಟಿದರೆ ಸಾಯುವುದಿಲ್ಲ, ಆದರೆ ಆನೆಯೂ ಹಿಂದೆ ಸರಿಯುವ ಹಾಗೆ ಜಗ್ಗಿ ಹೊಡೆಯುತ್ತದೆ. ಆ ಭಾನುವಾರ ಮಾವ ಹಿತ್ತಿಲಲ್ಲಿ ನಿಂತು ಮಾತಾಡುತ್ತ, "ಬೇಲಿ ಕೆಳಗ ಹುಲ್ಲು ಎದೆಮಟ್ಟ ಬೆಳ್ಕಂಡಿತ್ತು ಕಣ್ಲಾ. ಇಬ್ಬನಿ ಬಿದ್ರೆ ಸಾಕು, ತಂತೀಗ್ ತಾಕಂಡು ಚಟಚಟ ಅಂತಿತ್ತು. ಹೋದ್ ವಾರ ಆಳಾಕಿ ಸವರುಸ್ಬುಟ್ಟೆ" ಅಂದರು.

ನನ್ನ ಗಂಡನ ಮುಖ ಬಿಳುಚಿಕೊಂಡಿತು. ನೆಟ್ಟಗೆ ಒಳಗೆ ಹೋಗಿ ರೇಡಿಯೊ ಹಾಕಿ, ಕಿವಿಗೆ ಹಾಕುವ ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿ, ತಾವು ಒಂದು ಹಿಡಿ ಹಸಿ ಹುಲ್ಲು ಕಿತ್ತು ನೀರಲ್ಲಿ ಅದ್ದಿಕೊಂಡು ಬೇಲಿಯ ಬಳಿ ನಡೆದರು. ಒಣಗಿದ ಕೋಲಿನ ತುದಿಯಿಂದ ಹುಲ್ಲನ್ನು ತಂತಿಗೆ ತಾಗಿಸಿದರು. ನನ್ನ ಕಿವಿಯಲ್ಲಿ ಗುರುಗ್ರಹ ಚಟಪಟ ಅಂದಿತು.

ಇಬ್ಬನಿ ಬೀಳುವ ಹೊತ್ತಿಗೆ ಶುರುವಾಗುವುದು, ಬಿಸಿಲು ಬಂದು ಹುಲ್ಲು ಆರಿದಾಗ ನಿಲ್ಲುವುದು. ಹೊತ್ತು ಏನೋ ಸರಿಯಾಗಿಯೇ ಇತ್ತು. ಸದ್ದು ಮಾತ್ರ ಮಾವನ ಬೇಲಿಯದು.

ಅಷ್ಟಕ್ಕೇ ಮುಗಿಸಬಹುದಿತ್ತು. ನಾನು, ಇವರು, ಮಾವ, ಮೂರೇ ಜನಕ್ಕೆ ಗೊತ್ತಿದ್ದ ವಿಷಯ. ಆದರೆ ಇವರು ಸೋಮವಾರ ತಾವೇ ಕಾಲೇಜಿಗೆ ಹೋಗಿ ತಪ್ಪಾಯಿತೆಂದು ಹೇಳಿ, ಟೀ ಅಂಗಡಿಯ ಗೋಡೆಯ ಕಾಗದವನ್ನೂ ಕಿತ್ತುಕೊಂಡು ಬಂದರು. "ಯಾರು ಕೇಳಿದ್ರು ನಿಮ್ಮನ್ನ ಹೋಗಿ ಹೇಳಿ ಅಂತ?" ಎಂದು ನಾನು ಕೂಗಾಡಿದೆ. ಊರವರಿಗಂತೂ ಹಬ್ಬ. ಇವರು ಮೊಪೆಡ್ಡಿನಲ್ಲಿ ಹೋಗುತ್ತಿದ್ದರೆ ಅಂಗಡಿಯ ಕಟ್ಟೆಯಿಂದ, "ಗುರು ಬೇಲೀಲಿ ಸಿಕ್ಕಾಕಂಡವ್ನಂತಲ್ಲಾ, ಬುಡುಸ್ಕಂಡ್ ಬಂದ್ಯಾ?" ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರು ಒಂದು ದಿನವೂ ಎದುರು ಮಾತಾಡಲಿಲ್ಲ.

ಮಾವ ಮಾತ್ರ ನೊಂದುಕೊಂಡರು. ಒಂದು ದಿನ ಬಂದು, "ನಾಕ್ ದಿನ ಬೆಳಗ್ಗೆ ಹೊತ್ತು ಬೇಲಿ ಆರುಸ್ತೀನಿ ಬುಡ್ಲಾ. ನೀನು ನೆಮ್ಮದಿಯಾಗಿ ಕೇಳಿಯಂತೆ" ಅಂದರು. ಇವರು, "ಬ್ಯಾಡ ದೊಡ್ಡಪ್ಪ. ಬೆಳಗಿನ ಜಾವ್ದಲ್ಲೇ ಆನೆ ಬರೋದು. ನನ್ ಹುಚ್ಚಿಗೆ ನಿಮ್ ಬಾಳೆ ಯಾಕ್ ಓಗ್ಬೇಕು" ಅಂದುಬಿಟ್ಟರು. ಅವತ್ತೇ ಏರಿಯಲ್ ತಂತಿ ಸುತ್ತಿ ಅಟ್ಟಕ್ಕೆ ಹಾಕಿದರು.

ಆಮೇಲೆ ಅವರು ಸುಮ್ಮನಾಗಿಬಿಟ್ಟರು. ಶನಿವಾರ ನಾನು ಬಂದರೆ ಬಸ್ಸು ಹೇಗಿತ್ತು ಅನ್ನುವರು, ಊಟಕ್ಕೆ ಏನು ಅನ್ನುವರು, ಅಲ್ಲಿಗೆ ಮಾತು ಮುಗಿಯಿತು. ವಾರವೆಲ್ಲ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದು, ಎರಡು ದಿನ ಮಾತಾಡಲೆಂದು ಓಡಿಬರುವವಳು ನಾನು. ಬಂದರೆ ಇಲ್ಲೂ ಮಾತಿಲ್ಲ. ಗುರುಗ್ರಹ ಸಿಕ್ಕರೆಷ್ಟು ಬಿಟ್ಟರೆಷ್ಟು, ನನಗೆ ಅದರ ಮೇಲೆ ಯಾವ ಆಸೆಯೂ ಇರಲಿಲ್ಲ. ಸಾರು ಉಕ್ಕಿದ್ದೂ ತಿಳಿಯದ ಹಾಗೆ ಮಾತಾಡುತ್ತಿದ್ದ ನನ್ನ ಗಂಡ ನನಗೆ ವಾಪಸು ಬೇಕಾಗಿದ್ದರು.

ಒಂದು ರಾತ್ರಿ ತಟ್ಟೆ ಮುಂದೆ ಕೂತಿದ್ದಾಗ ಹೇಳಿದೆ. "ಉಮ್ಮತ್ತೂರಲ್ಲಿ ಆನೆ ಇಲ್ಲ. ಆನೆ ಇಲ್ಲದ ಮೇಲೆ ಬೇಲಿಯೂ ಇಲ್ಲ. ನನಗೊಂದು ಪೆಟ್ಟಿಗೆ ಮಾಡಿಕೊಡಿ, ನಾನಲ್ಲಿ ಕೇಳ್ತೀನಿ. ನೀವಿಲ್ಲಿ ಕೇಳಿ. ಎರಡು ಊರಲ್ಲೂ ಒಂದೇ ಗಳಿಗೇಲಿ ಒಂದೇ ಸದ್ದು ಬಂದರೆ ಅದು ಯಾರ ಬೇಲಿಯದೂ ಅಲ್ಲ ತಾನೆ?"

ಅವರು ತುತ್ತು ಹಿಡಿದುಕೊಂಡೇ ನನ್ನನ್ನು ನೋಡಿದರು. ಒಂದು ಗಳಿಗೆ ಅವರ ಮುಖದಲ್ಲಿ ಹಳೆಯ ಬೆಳಕು ಬಂದಂತಾಯಿತು. ಆಮೇಲೆ ತಲೆ ತಗ್ಗಿಸಿ, "ನಿಂಗೆ ಬೇಕಾದ್ರೆ ಮಾಡ್ಕೊಡ್ತೀನಿ. ನಾನಂತೂ ಇನ್ನ ಅದ್ರ ಸವಾಸಕ್ಕೆ ಓಗಕಿಲ್ಲ ಕಣಮ್ಮಿ" ಅಂದರು.

ಮಾಡಿಕೊಟ್ಟರು. ಎರಡು ವಾರಕ್ಕೆಲ್ಲ ಪೆಟ್ಟಿಗೆ ಸಿದ್ಧ. ಜೊತೆಗೆ ಇನ್ನೊಂದು ಟೇಪ್ ರೆಕಾರ್ಡರನ್ನೂ ಹೊಂದಿಸಿಕೊಟ್ಟರು. ಮುಳ್ಳು ಎಲ್ಲಿ ನಿಲ್ಲಿಸಬೇಕೆಂದು ಕೆಂಪು ಬಣ್ಣದ ಗುರುತು ಹಾಕಿದ್ದರು. ಯಾವ ಯಾವ ದಿನ ಬೆಳಿಗ್ಗೆ ಸಾಧ್ಯತೆ ಹೆಚ್ಚೆಂದು ಲೆಕ್ಕ ಹಾಕಿ ಹೇಳಿದರು. ಹಿಂದಿನ ರಾತ್ರಿಯ ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಸದ್ದಿಗೆ ಗಡಿಯಾರ ಸರಿಮಾಡಿಕೊಂಡು, ಟೇಪು ಶುರುಮಾಡುವಾಗ ಗಂಟೆ ಎಷ್ಟೆಂದು ಬಾಯಿಬಿಟ್ಟು ಹೇಳಬೇಕು ಅಂದರು. "ನೀವೂ ಹಾಗೇ ಮಾಡ್ತೀರಲ್ಲ?" ಅಂದೆ. ಅವರು ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಅಟ್ಟದ ಮೇಲಿನ ತಂತಿ ಅಟ್ಟದ ಮೇಲೇ ಇತ್ತು.

ಉಮ್ಮತ್ತೂರಿನಲ್ಲಿ ನನ್ನ ಏರಿಯಲ್ಲು ನುಗ್ಗೆ ಮರದಿಂದ ದನದ ಕೊಟ್ಟಿಗೆಯ ತೊಲೆಗೆ. ಕಾಡುಗಳ್ಳನನ್ನು ಹುಡುಕುತ್ತ ಕಾಡಿನ ಕಡೆ ಪೊಲೀಸರು ವೈರ್‌ಲೆಸ್ ಹಿಡಿದು ಓಡಾಡುತ್ತಿದ್ದ ಕಾಲ ಅದು. ಹಾಗಾಗಿ ಟೀಚರಮ್ಮನೂ ಪೊಲೀಸರ ಕಡೆಯವಳೆಂದು ಬೀದಿಯಲ್ಲಿ ಸುದ್ದಿಯಾಯಿತು. ಅಂಗಡಿಯವನು ಒಂದು ವಾರ ನನಗೆ ತೂಕ ಸರಿಯಾಗಿ ಕೊಟ್ಟ. ಮನೆ ಒಡತಿಗೆ ಮಾತ್ರ ಯಾವ ಭಯವೂ ಇರಲಿಲ್ಲ. ಮೊದಲನೇ ಬೆಳಿಗ್ಗೆ ನಾನು ಹೆಡ್‌ಫೋನು ಹಾಕಿ ಎಷ್ಟು ಹೊತ್ತು ಕೂತರೂ ಏನೂ ಇಲ್ಲ. ಹೊರಗೆ ಬಂದು ನೋಡಿದರೆ ತಂತಿಯ ಮೇಲೆ ಹಿಂದಿನ ಸಂಜೆಯೇ ಹರವಿದ ಒದ್ದೆ ಸೀರೆ, ಎರಡು ಲಂಗ, ಒಂದು ದುಪ್ಪಟಿ. ಭಾರಕ್ಕೆ ತಂತಿ ನೆಲ ಮುಟ್ಟುತ್ತಿತ್ತು.

"ಒಳ್ಳೆ ಗಟ್ಟಿ ತಂತಿ ಕಟ್ಟಿದ್ದೀರಿ ಟೀಚರಮ್ಮ. ಬಟ್ಟೆ ಒಣಗಾಕಕ್ಕ ಬಾಳ ಅನುಕೂಲ ಆಯ್ತು" ಎಂದು ಆಕೆ ಖುಷಿಯಿಂದ ಹೇಳಿದಾಗ ಬೈಯಲು ನನಗೆ ಬಾಯಿ ಬರಲಿಲ್ಲ. ಪಕ್ಕದಲ್ಲಿ ಇನ್ನೊಂದು ಹಗ್ಗ ಕಟ್ಟಿಕೊಟ್ಟೆ.

ಆಮೇಲಿನ ಬೆಳಿಗ್ಗೆಗಳಲ್ಲೂ ಬರಿಯ ಜೊರ್ರೋ ಸದ್ದು. ನಿದ್ದೆಗೆಟ್ಟು ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ನಾನೇ ತೂಕಡಿಸುತ್ತಿದ್ದೆ. ಈ ಹುಚ್ಚು ಇವರಿಂದ ನನಗೆ ಯಾಕೆ ಅಂಟಿತಪ್ಪಾ ಎಂದು ನನ್ನನ್ನೇ ಬೈದುಕೊಂಡೆ. ಶನಿವಾರ ಹೋಗಿ ಏನೂ ಬರಲಿಲ್ಲ ಅಂದರೆ, ಅವರು ಹ್ಞೂ ಅಂದು ಸುಮ್ಮನಾಗುತ್ತಿದ್ದರು. ಅವರು ಕೇಳುತ್ತಿದ್ದಾರೋ ಇಲ್ಲವೋ ಎಂದು ನಾನು ಕೇಳುವುದನ್ನೂ ಬಿಟ್ಟಿದ್ದೆ.

ಮಾರ್ಚ್ ಕೊನೆಯ ಒಂದು ಮಂಗಳವಾರ. ಊರಿಗೆ ಊರೇ ಕತ್ತಲು, ಕರೆಂಟು ರಾತ್ರಿಯೇ ಹೋಗಿತ್ತು. ನನ್ನ ಪೆಟ್ಟಿಗೆ, ಟೇಪು ಎರಡೂ ಸೆಲ್ಲಿನ ಮೇಲೆ ಓಡುತ್ತಿದ್ದವು. ಹಿತ್ತಿಲ ಬಾಗಿಲು ತೆಗೆದರೆ ದಕ್ಷಿಣಕ್ಕೆ ಗುರು ಸ್ವಚ್ಛವಾಗಿ ಹೊಳೆಯುತ್ತಿದ್ದ. ಗಂಟೆ ಹೇಳಿ ಟೇಪು ಒತ್ತಿ, ಸೆರಗು ಹೊದ್ದು ಕೂತೆ. ಸ್ವಲ್ಪ ಹೊತ್ತಿಗೆ ಜೊರ್ರೋ ಸದ್ದಿನ ಒಳಗೆ ಏನೋ ಎದ್ದಿತು. ಎದ್ದು, ದಪ್ಪವಾಗಿ, ಇಳಿಯಿತು. ಮತ್ತೆ ಎದ್ದಿತು. ಮೊರದಲ್ಲಿ ರಾಗಿ ಕೇರುವಾಗ ಬರುವ ಸದ್ದು ಅದು, ಸರ್ರನೆ ಬಂದು ಸರ್ರನೆ ಹಿಂದೆ ಹೋಗುವುದು. ಚಟಪಟವಲ್ಲ, ಟಿಕ್ ಟಿಕ್ಕೂ ಅಲ್ಲ. ಹೆಡ್‌ಫೋನು ಕಿತ್ತು ಸ್ಪೀಕರಿಗೆ ಹಾಕಿದೆ. ಕೋಣೆ ತುಂಬ ಆ ಸದ್ದು.

ಹಾಲು ಕರೆಯಲು ಎದ್ದಿದ್ದ ಮನೆ ಒಡತಿ ಲಾಟೀನು ಹಿಡಿದು ಬಾಗಿಲಿಗೆ ಬಂದಳು. "ಯಾರವ್ವ ಇಷ್ಟೊತ್ನಲ್ಲಿ ರಾಗಿ ಕೇರ್ತಿರಾದು?" ಅಂದಳು. ನಾನು ಆಕಾಶದ ಕಡೆ ಕೈ ತೋರಿಸಿದೆ. ಆಕೆ ಒಮ್ಮೆ ಮೇಲೆ ನೋಡಿ, ಒಮ್ಮೆ ಪೆಟ್ಟಿಗೆ ನೋಡಿ, ಚೊಂಬನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತಳು. ಮೂಡಲು ಕೆಂಪಾಗುವವರೆಗೆ ಇಬ್ಬರೂ ಕೂತು ಕೇಳಿದೆವು. ಕೊಟ್ಟಿಗೆಯಲ್ಲಿ ಹಸು ಕೂಗಿದಾಗಲೇ ಆಕೆ ಎದ್ದದ್ದು.

ಸದ್ದು ನಿಂತ ಮೇಲೆ ನನಗೆ ಹೆದರಿಕೆ ಶುರುವಾಯಿತು. ಇದು ಗುರುವೇ ಎಂದು ಹೇಳುವವರು ಯಾರು? ಊರಲ್ಲಿ ಕರೆಂಟಿರಲಿಲ್ಲ, ಮೋಟರಲ್ಲ ಸರಿ. ಬೇಲಿಯಲ್ಲ, ಅದೂ ಸರಿ. ಆದರೆ ನಮ್ಮ ಕಣ್ಣಿಗೆ ಬೀಳದ ಇನ್ನೇನೋ ಇರಬಹುದಲ್ಲ. ಹುಲ್ಲು ಮಾಡಿದ ಮೋಸವನ್ನು ಕಣ್ಣಾರೆ ನೋಡಿದವಳು ನಾನು. ಇನ್ನೊಂದು ಟೇಪು ಇಲ್ಲದಿದ್ದರೆ ನನ್ನ ಟೇಪಿಗೆ ಬೆಲೆ ಇಲ್ಲ. ಆ ಬೆಳಿಗ್ಗೆ ಅವರು ಎದ್ದಿದ್ದರೇ? ಬಸ್ ಸ್ಟ್ಯಾಂಡಿನ ಬೂತಿನಿಂದ ಅವರ ಕಚೇರಿಗೆ ಫೋನು ಮಾಡಬಹುದಿತ್ತು. ಎರಡು ಸಲ ಅಲ್ಲಿಯವರೆಗೆ ಹೋಗಿ ವಾಪಸು ಬಂದೆ. ನಗುವ ಜನರ ನಡುವೆ ನಿಂತು ಅವರು ಇಲ್ಲ ಅಂದುಬಿಟ್ಟರೆ, ಆ ಮಾತನ್ನು ತಾಳಿಕೊಳ್ಳುವ ಧೈರ್ಯ ನನಗಿರಲಿಲ್ಲ. ಶನಿವಾರದವರೆಗೆ ಆ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿಟ್ಟುಕೊಂಡಿದ್ದೆ. ಶನಿವಾರ ಬಸ್ಸು ತೆರಕಣಾಂಬಿಯಲ್ಲಿ ಪಂಕ್ಚರಾಗಿ ನಿಂತಾಗ ಡ್ರೈವರನ ಮೇಲೆ ರೇಗಿದ್ದಕ್ಕೆ ಆತ, "ಏನಮ್ಮ, ಮನೇಲಿ ಮದುವೆ ಇದೆಯಾ?" ಎಂದು ಕೇಳಿದ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಜಗಲಿಯ ಮೇಲೆ ಮಾವ ಒಂದು ಚಿಪ್ಪು ಬಾಳೆಹಣ್ಣು ತಂದಿಟ್ಟು ಕೂತಿದ್ದರು. ಇವರು ಒಳಗೆ ಅನ್ನಕ್ಕಿಡುತ್ತಿದ್ದರು. ಮಾವ ಹೋಗಲಿ ಎಂದು ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. ಮನೆಯ ಟೇಪ್ ರೆಕಾರ್ಡರನ್ನು ಜಗಲಿಗೆ ತಂದು ಕ್ಯಾಸೆಟ್ಟು ಹಾಕಿ ಒತ್ತಿದೆ. ಮೊದಲು ನನ್ನ ಧ್ವನಿ, ಗಂಟೆ ಹೇಳಿದ್ದು. ಆಮೇಲೆ ಜೊರ್ರೋ. ಆಮೇಲೆ ಕೇರುವ ಸದ್ದು.

ಒಳಗೆ ಪಾತ್ರೆಯ ಸದ್ದು ನಿಂತಿತು. ಇವರು ಬಂದು ಬಾಗಿಲಲ್ಲಿ ನಿಂತರು. ಮುಖದಲ್ಲಿ ಏನೂ ತೋರಲಿಲ್ಲ. ಇವರು ಕೇಳಿಲ್ಲ, ಎಲ್ಲ ಮುಗಿಯಿತು ಅಂದುಕೊಂಡೆ. ಅವರು ತಿರುಗಿ ಒಳಗೆ ಹೋದರು. ವಾಪಸು ಬಂದಾಗ ಒಂದು ಕೈಯಲ್ಲಿ ರಿಪೇರಿಗೆ ಬಂದಿದ್ದ ಯಾರದೋ ಹಳೆ ಟೇಪ್ ರೆಕಾರ್ಡರು, ಇನ್ನೊಂದರಲ್ಲಿ ಒಂದು ಕ್ಯಾಸೆಟ್ಟು.

"ಮಂಗಳವಾರದ್ದು" ಅಂದರು. "ನಾನು ಇದನ್ನೂ ಬೇಲೀದೇ ಅಂದ್ಕಂಡು ಎತ್ತಿಟ್ಬುಟ್ಟಿದ್ದೆ."

"ಅಂದ್ರೆ ನೀವು ಎದ್ದು ಕೇಳ್ತಿದ್ರಾ?"

"ನೀನು ಅಲ್ಲಿ ಒಬ್ಳೇ ಎದ್ದು ಕುಂತಿರ್ತೀಯ ಅಂದ್ರೆ ನಂಗೆಲ್ಲಿ ನಿದ್ದೆ ಬಂದದು?" ಅಂದರು. ದಿನಾ ಕತ್ತಲಲ್ಲಿ ತಂತಿ ಕಟ್ಟಿ, ಬೆಳಗಾಗುವ ಮುಂಚೆ ಯಾರಿಗೂ ಕಾಣದ ಹಾಗೆ ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದರಂತೆ.

ಎರಡು ಟೇಪನ್ನೂ ಅಕ್ಕಪಕ್ಕ ಇಟ್ಟು, ಇಬ್ಬರೂ ಹೇಳಿದ ಗಂಟೆಗೆ ಸರಿಯಾಗಿ ಹೊಂದಿಸಿದೆವು. ಆ ಹಳೆ ರೆಕಾರ್ಡರು ಸ್ವಲ್ಪ ನಿಧಾನವಾಗಿ ಓಡುತ್ತಿತ್ತು, ಇವರು ಬೆರಳಿನಿಂದ ನನ್ನದನ್ನು ತಡೆತಡೆದು ಬಿಟ್ಟರು. ಅವರ ಟೇಪಿನಲ್ಲಿ ಬೇಲಿಯ ಟಿಕ್ ಟಿಕ್ ಇತ್ತು. ಅದರ ಹಿಂದೆ ಆ ಸದ್ದು ಎದ್ದಿತು. ನನ್ನದರಲ್ಲೂ ಎದ್ದಿತು. ಅಲ್ಲಿ ಇಳಿಯಿತು, ಇಲ್ಲೂ ಇಳಿಯಿತು. ಎರಡು ಸಣ್ಣವು, ಒಂದು ದೊಡ್ಡದು, ಸ್ವಲ್ಪ ಮೌನ, ಮತ್ತೆ ಒಂದು ದೊಡ್ಡದು. ಒಂದೂ ತಪ್ಪಲಿಲ್ಲ.

ಮಾವ ಕಿವಿಯನ್ನು ಒಂದು ಸಲ ಅದಕ್ಕೆ, ಒಂದು ಸಲ ಇದಕ್ಕೆ ಹಿಡಿದು ಕೇಳಿದರು. "ಟಿಕ್ ಅನ್ನದು ನಮ್ದು. ಈ ಕೇರದು ನಮ್ದಲ್ಲ ಕಣ್ಲಾ" ಅಂದರು.

ಇವರು ಗೋಡೆಗೆ ಒರಗಿ ಕೂತುಬಿಟ್ಟರು. ಏನಾದರೂ ಹೇಳಲಿ ಎಂದು ನಾನು ಕಾಯುತ್ತಿರುವಾಗ, ಅವರ ಟೇಪಿನೊಳಗಿಂದಲೇ ಅವರ ಧ್ವನಿ ಬಂತು. ಕತ್ತಲಲ್ಲಿ ಒಬ್ಬರೇ ಕೂತು, ತಮಗೇ ಕೇಳಿಸದಷ್ಟು ಮೆಲ್ಲಗೆ ಆಡಿದ ಮಾತು.

"ನಿಂಗೂ ಕೇಳುಸ್ತಾ ಅದಾ, ಅಮ್ಮಿ?"

ಇವರಿಗೆ ತಾವು ಹಾಗೆ ಅಂದದ್ದೇ ನೆನಪಿರಲಿಲ್ಲವೇನೋ. ಧಡಕ್ಕನೆ ಎದ್ದು ಟೇಪು ನಿಲ್ಲಿಸಲು ಕೈ ಚಾಚಿದರು. ಮಾವನ ಮುಂದೆ ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ನಾನು ಆ ಕೈಯನ್ನು ಹಿಡಿದುಕೊಂಡೆ. ಟೇಪು ಓಡುತ್ತಲೇ ಇತ್ತು.

ಮಾವ ಜಗಲಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡರು. "ಕೇಳ್ತಾವ್ನಲ್ಲವ್ವ, ಹೇಳು ಮತ್ತ" ಎಂದು ಹೇಳಿ, ತಿರುಗಿ ನೋಡದೆ ತೋಟದ ಕಡೆ ನಡೆದರು.

ಮಂಗಳವಾರ ಬೆಳಗಿನ ಜಾವ ಕೇಳಿದ ಮಾತಿಗೆ ನಾನು ಶನಿವಾರ ಸಂಜೆ ಹ್ಞೂ ಅಂದೆ. ಅವರು ಆವತ್ತು ಮಾತಾಡಲು ಶುರುಮಾಡಿದವರು ಅನ್ನ ತಳ ಹಿಡಿದರೂ ನಿಲ್ಲಿಸಲಿಲ್ಲ, ನಾನೂ ಏಳಲಿಲ್ಲ.